ಒಂದು ವಾರ ಬಾಳಿದ ಲೋಗೋ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಂಪನಿಗಳು ಲಾಂಛನ ಬದಲಿಸುವ ಬಗ್ಗೆ ಹೋದ ಸಂಚಿಕೆಯ ಅಂಕಣದಲ್ಲಿ ಬರೆಯುವಾಗ, ಅಮೆರಿಕದ ಸಿದ್ಧ ಉಡುಪಿನ ಸಂಸ್ಥೆ ಗ್ಯಾಪ್ 2010ರಲ್ಲಿ ಹೊಸ ಲೋಗೋ ತಂದು, ಜನರ ವಿರೋಧಕ್ಕೆ ಮಣಿದು, ಒಂದೇ ವಾರದಲ್ಲಿ ಹಳೆಯದಕ್ಕೆ ಮರಳಿದ ಪ್ರಸಂಗವನ್ನು ಎರಡು ವಾಕ್ಯಗಳಲ್ಲಿ ಪ್ರಸ್ತಾಪಿಸಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಎರಡು ವಾಕ್ಯಗಳನ್ನೇ ಹಿಡಿದು ಕೇಳಿವೆ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ನಮ್ಮ ಮಾರ್ಕೆಟಿಂಗ್ ಪಠ್ಯದಲ್ಲಿ ಗ್ಯಾಪ್ ಬಗ್ಗೆ ‘ಗ್ರಾಹಕರ ವಿರೋಧದಿಂದ ವಿಫಲವಾದ ಬದಲಾವಣೆ’ ಎಂದಷ್ಟೇ ಇದೆ. ಆ ವಾರದಲ್ಲಿ ನಿಜವಾಗಿ ನಡೆದದ್ದೇನು?
– ಬಿ.ಕಾಂ. ವಿದ್ಯಾರ್ಥಿನಿ, ತುಮಕೂರು

ಉತ್ತರ: ಗ್ಯಾಪ್‌ನ ಮೊದಲ ಅಂಗಡಿ ತೆರೆದದ್ದು 1969ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ಡೊನಾಲ್ಡ್ ಮತ್ತು ಡೋರಿಸ್ ಫಿಷರ್ ದಂಪತಿ ಅಲ್ಲಿ ಲೀವೈಸ್ ಜೀನ್ಸ್ ಜೊತೆಗೆ ಸಂಗೀತದ ರೆಕಾರ್ಡುಗಳನ್ನೂ ಮಾರುತ್ತಿದ್ದರು. ಮುಂದೆ ಸಂಸ್ಥೆ ತನ್ನದೇ ಹೆಸರಿನ ಬಟ್ಟೆಗಳನ್ನು ಮಾರತೊಡಗಿತು. 1990ರ ದಶಕದ ಹೊತ್ತಿಗೆ ಖಾಕಿ ಪ್ಯಾಂಟು, ಸಾದಾ ಟೀ ಶರ್ಟು, ಹುಡ್ ಇರುವ ಸ್ವೆಟ್‌ಶರ್ಟು ಎಂದೊಡನೆ ಅಮೆರಿಕದ ಮಧ್ಯಮ ವರ್ಗದವರಿಗೆ ನೆನಪಾಗುವ ಅಂಗಡಿಗಳಲ್ಲಿ ಅದೂ ಒಂದಾಗಿತ್ತು. ಕಡುನೀಲಿ ಚೌಕದ ನಡುವೆ ಬಿಳಿ ಬಣ್ಣದಲ್ಲಿ, ಎತ್ತರವಾಗಿ, ಸಪೂರವಾಗಿ ನಿಂತ ಮೂರು ದೊಡ್ಡಕ್ಷರಗಳು ಆ ಕಾಲದ ಗುರುತು. 2010ರ ವೇಳೆಗೆ ಆ ಗುರುತಿಗೆ ಇಪ್ಪತ್ತು ವರ್ಷ ದಾಟಿತ್ತು.

2010ರ ಅಕ್ಟೋಬರ್ 4ರ ಸೋಮವಾರ ಸಂಸ್ಥೆಯ ಜಾಲತಾಣ ತೆರೆದವರಿಗೆ ಆ ಚೌಕ ಕಾಣಿಸಲಿಲ್ಲ. ಬಿಳಿ ಹಿನ್ನೆಲೆಯಲ್ಲಿ ಹೆಲ್ವೆಟಿಕಾ ಎಂಬ ಅಚ್ಚಿನ, ಅಂದರೆ ಫಾಂಟಿನ, ದಪ್ಪ ಕಪ್ಪಕ್ಷರಗಳಲ್ಲಿ ಗ್ಯಾಪ್ ಎಂಬ ಹೆಸರಿತ್ತು. ಕೊನೆಯ ‘ಪಿ’ ಅಕ್ಷರದ ಮೇಲ್ತುದಿಯ ಹಿಂದೆ, ಒಂದು ಮೂಲೆಯಿಂದ ಇನ್ನೊಂದಕ್ಕೆ ಬಣ್ಣ ತಿಳಿಯಾಗುವ ಪುಟ್ಟ ನೀಲಿ ಚೌಕವೊಂದು ಇಣುಕುತ್ತಿತ್ತು. ಇದನ್ನು ರೂಪಿಸಿದ್ದು ಗ್ಯಾಪ್ ಜೊತೆ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದ ನ್ಯೂಯಾರ್ಕಿನ ಲೇರ್ಡ್ ಅಂಡ್ ಪಾರ್ಟ್‌ನರ್ಸ್ ಎಂಬ ಜಾಹೀರಾತು ಸಂಸ್ಥೆ. ಬದಲಾವಣೆ ಬರಲಿದೆಯೆಂಬ ಮುನ್ಸೂಚನೆಯನ್ನೇ ಯಾರಿಗೂ ಕೊಟ್ಟಿರಲಿಲ್ಲ, ಅದೇಕೆ ಬೇಕಾಯಿತೆಂದು ಹೇಳುವ ಒಂದು ಸಾಲೂ ಅದರ ಜೊತೆಗಿರಲಿಲ್ಲ.

ಫೇಸ್‌ಬುಕ್ ಮತ್ತು ಟ್ವಿಟರ್‌ಗಳಲ್ಲಿ ಟೀಕೆ ಶುರುವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊಸ ಲೋಗೋವೇ ಬೇಸರದಿಂದ ಮಾತಾಡುತ್ತಿದೆಯೋ ಎಂಬಂತೆ ಬರೆಯುವ ಅಣಕು ಖಾತೆಯೊಂದಕ್ಕೆ ಟ್ವಿಟರ್‌ನಲ್ಲಿ ಸಾವಿರಾರು ಹಿಂಬಾಲಕರು ಸೇರಿದರು. ನಿಮ್ಮ ಹೆಸರು ಟೈಪ್ ಮಾಡಿದರೆ ಅದನ್ನೂ ಅದೇ ಕಪ್ಪಕ್ಷರ, ಅದೇ ನೀಲಿ ಚೌಕದಲ್ಲಿ ತೋರಿಸುವ ತಮಾಷೆಯ ಜಾಲತಾಣವೊಂದು ಹುಟ್ಟಿಕೊಂಡು, ಜನ ಅದರಲ್ಲಿ ಸಾವಿರಗಟ್ಟಲೆ ಅಣಕು ಲೋಗೋಗಳನ್ನು ಮಾಡಿ ಹಂಚಿದರು. ಬುಧವಾರ, ಅಂದರೆ 6ರಂದು, ಗ್ಯಾಪ್ ತನ್ನ ಫೇಸ್‌ಬುಕ್ ಪುಟದಲ್ಲಿ, ನಮ್ಮ ಲೋಗೋ ನಮಗೆ ಇಷ್ಟವೇ, ಆದರೂ ನಿಮ್ಮ ವಿನ್ಯಾಸಗಳನ್ನೂ ನೋಡಬಯಸುತ್ತೇವೆ, ಕಳುಹಿಸಿ ಎಂಬರ್ಥದ ಮಾತು ಬರೆಯಿತು. ಮರುದಿನ ಉತ್ತರ ಅಮೆರಿಕದ ಗ್ಯಾಪ್ ವಿಭಾಗದ ಅಧ್ಯಕ್ಷೆ ಮಾರ್ಕಾ ಹ್ಯಾನ್ಸನ್ ಸುದ್ದಿ ಜಾಲತಾಣ ಹಫಿಂಗ್ಟನ್ ಪೋಸ್ಟ್‌ನಲ್ಲಿ ಲೇಖನವೊಂದನ್ನು ಬರೆದು, ಸಂಸ್ಥೆಯ ಬಟ್ಟೆ, ಅಂಗಡಿ ಎಲ್ಲವೂ ಹೊಸ ಹಾದಿಯಲ್ಲಿ ಸಾಗುತ್ತಿರುವಾಗ ಲೋಗೋ ಕೂಡ ಬದಲಾಗುವುದು ಸಹಜ ಎಂದು ಸಮರ್ಥಿಸಿಕೊಂಡರು. 11ರ ಸೋಮವಾರ ಅದೇ ಹ್ಯಾನ್ಸನ್, ಜನರಿಗೆ ನೀಲಿ ಚೌಕವೇ ಬೇಕೆಂಬುದು ಮತ್ತೆ ಮತ್ತೆ ಕಿವಿಗೆ ಬಿದ್ದಿದೆ, ಅದನ್ನೇ ಮರಳಿ ತರುತ್ತೇವೆ ಎಂದು ಪ್ರಕಟಿಸಿದರು. ಜನರಿಂದ ವಿನ್ಯಾಸ ಕೇಳುವ ಆಲೋಚನೆಯನ್ನೂ ಅದರ ಜೊತೆಗೇ ಕೈಬಿಡಲಾಯಿತು.

ಒಂದು ವಿಷಯವನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಿ. ಆ ಏಳು ದಿನಗಳಲ್ಲಿ ಬದಲಾಗಿದ್ದದ್ದು ಮುಖ್ಯವಾಗಿ ಜಾಲತಾಣದ ತಲೆಬರಹ. ಅಂಗಡಿಗಳ ಬೋರ್ಡು, ಬಟ್ಟೆಯ ಲೇಬಲ್, ಕೈಚೀಲ ಯಾವುದೂ ಆ ಹಂತಕ್ಕೆ ಬಂದಿರಲಿಲ್ಲ. ಪಠ್ಯಪುಸ್ತಕದ ‘ವಿಫಲವಾದ ಬದಲಾವಣೆ’ ಎಂಬ ಮಾತಿನಲ್ಲಿ ಬದಲಾವಣೆ ಎಂಬ ಭಾಗವೇ ಸ್ವಲ್ಪ ಉತ್ಪ್ರೇಕ್ಷೆ.

ಪ್ರಶ್ನೆ: ಹೆಲ್ವೆಟಿಕಾ ಜಗತ್ತಿನ ಅತ್ಯುತ್ತಮ ಅಚ್ಚುಗಳಲ್ಲೊಂದು ಎಂದು ನಮಗೆ ಕಲಿಸುತ್ತಾರೆ. ಅದನ್ನೇ ಬಳಸಿದ ಲೋಗೋ ಏಕೆ ಅಷ್ಟು ಕೆಟ್ಟದಾಗಿ ಕಂಡಿತು? ವಿನ್ಯಾಸದ ದೃಷ್ಟಿಯಿಂದ ನಿಮ್ಮ ಅಭಿಪ್ರಾಯ ಬೇಕು.
– ವಿನ್ಯಾಸ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಹೆಲ್ವೆಟಿಕಾ 1957ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮ್ಯಾಕ್ಸ್ ಮೀಡಿಂಗರ್ ಕೈಯಲ್ಲಿ ರೂಪುಗೊಂಡ ಅಚ್ಚು. ಯಾವ ಭಾವವನ್ನೂ ತೋರಿಸದೆ ಹೇಳಬೇಕಾದ್ದನ್ನು ಸ್ಪಷ್ಟವಾಗಿ ಹೇಳುವುದೇ ಅದರ ಗುಣ. ಆ ಗುಣಕ್ಕಾಗಿಯೇ ಅದು ರೈಲ್ವೆ ನಿಲ್ದಾಣಗಳಿಗೂ ಸರ್ಕಾರಿ ನಮೂನೆಗಳಿಗೂ ಒಪ್ಪುತ್ತದೆ. ಆದರೆ ಬಟ್ಟೆ ಅಂಗಡಿಗೆ ಬೇಕಾದದ್ದು ಹತ್ತು ಅಂಗಡಿಗಳ ನಡುವೆ ತನ್ನನ್ನು ಎತ್ತಿ ತೋರಿಸುವ ಚಹರೆ. ಅಲ್ಲದೆ ಆ ಹೊತ್ತಿಗಾಗಲೇ ಅಮೆರಿಕನ್ ಅಪ್ಯಾರಲ್ ಎಂಬ ಇನ್ನೊಂದು ಉಡುಪು ಸಂಸ್ಥೆ ಹೆಲ್ವೆಟಿಕಾವನ್ನೇ ತನ್ನ ಹೆಸರಿಗೆ ಬಳಸುತ್ತಿತ್ತು. ಯುವಜನರನ್ನು ಸೆಳೆಯಲು ಹೊರಟ ಗ್ಯಾಪ್, ಆ ಯುವಜನರು ದಿನವೂ ನೋಡುತ್ತಿದ್ದ ಪಕ್ಕದ ಅಂಗಡಿಯ ಅಕ್ಷರವನ್ನೇ ತಂದು ಹಾಕಿಕೊಂಡಂತಾಯಿತು.

ನನಗೆ ಹೆಚ್ಚು ತೊಡಕಾಗಿ ಕಂಡದ್ದು ಆ ಪುಟ್ಟ ಚೌಕ. ಹಳೆಯ ಲೋಗೋದಲ್ಲಿ ಚೌಕವೇ ಮನೆ, ಅಕ್ಷರಗಳು ಅದರೊಳಗಿನ ನಿವಾಸಿಗಳು. ಚೌಕ ತೆಗೆದರೆ ಬಿಳಿ ಅಕ್ಷರಗಳಿಗೆ ಅಸ್ತಿತ್ವವೇ ಇಲ್ಲ. ಹೊಸದರಲ್ಲಿ ಚೌಕಕ್ಕೆ ಕೆಲಸವೇ ಇರಲಿಲ್ಲ. ಬೆರಳಿನಿಂದ ಮುಚ್ಚಿ ನೋಡಿದರೆ ಲೋಗೋ ಕೆಡುವುದಿಲ್ಲ, ಬದಲಿಗೆ ಇನ್ನಷ್ಟು ಚೆನ್ನಾಗಿ ಕಾಣುತ್ತದೆ. ಹಳೆಯ ಗ್ರಾಹಕರಿಗೆ ಹಳೆಯದನ್ನು ಪೂರ್ತಿ ಬಿಟ್ಟಿಲ್ಲ ಎಂದು ತೋರಿಸಲು, ಹೊಸಬರಿಗೆ ಹೊಸದಾಗಿದ್ದೇವೆ ಎಂದು ತೋರಿಸಲು ಮಾಡಿದ ರಾಜಿ ಅದು. ರಾಜಿಯ ಗುರುತು ಎದ್ದು ಕಾಣುವ ವಿನ್ಯಾಸ ಇಬ್ಬರಿಗೂ ರುಚಿಸುವುದಿಲ್ಲ.

ಇನ್ನೊಂದು ಪ್ರಾಯೋಗಿಕ ತೊಂದರೆಯನ್ನೂ ಗಮನಿಸಿ. ಬಣ್ಣ ಕ್ರಮೇಣ ತಿಳಿಯಾಗುವ ಚೌಕವನ್ನು ಪರದೆಯ ಮೇಲೆ ತೋರಿಸುವುದು ಸುಲಭ. ಅದನ್ನೇ ಕಾಲರಿನ ಒಳಗೆ ಹೊಲಿಯುವ ನೇಯ್ದ ಲೇಬಲ್‌ನಲ್ಲಿ, ಹೆಬ್ಬೆರಳಿನಗಲದ ಜಾಗದಲ್ಲಿ, ಎರಡು ಮೂರು ಬಣ್ಣದ ದಾರದಲ್ಲಿ ತರಬೇಕಾದರೆ ಮೂಲದ ಸೊಗಸು ಉಳಿಯುವುದಿಲ್ಲ. ಉಡುಪು ಸಂಸ್ಥೆಯ ಲೋಗೋವನ್ನು ಮೊದಲು ದಾರದಲ್ಲಿ ನೇಯ್ದು ನೋಡಿ, ಆಮೇಲೆ ಪರದೆಗೆ ತರಬೇಕೆಂಬುದು ನನ್ನ ಅಭಿಪ್ರಾಯ. ನಿಮ್ಮ ಕಾಲೇಜಿನಲ್ಲಿ ಹೀಗೆ ಮಾಡಿಸುತ್ತಾರೋ ಇಲ್ಲವೋ, ನೀವೇ ಒಮ್ಮೆ ಮಾಡಿ ನೋಡಿ.

ಪ್ರಶ್ನೆ: ನಾನು ಬಟ್ಟೆ ವ್ಯಾಪಾರದವನು. ಗಿರಾಕಿ ಬೋರ್ಡು ನೋಡಿ ಬರುವುದಿಲ್ಲ, ಮಾಲು ಮತ್ತು ದರ ನೋಡಿ ಬರುತ್ತಾನೆ. ಕಂಪ್ಯೂಟರ್ ಮುಂದೆ ಕೂತು ಬೈದವರು ಗ್ಯಾಪ್ ಬಟ್ಟೆ ಕೊಳ್ಳುವವರೇ ಆಗಿದ್ದರೇ? ಅವರ ಮಾತಿಗೆ ಅಷ್ಟು ದೊಡ್ಡ ಕಂಪನಿ ಹೆದರಿದ್ದೇಕೆ?
– ಓದುಗರು, ಹುಬ್ಬಳ್ಳಿ

ಉತ್ತರ: ಬೈದವರಲ್ಲಿ ವಿನ್ಯಾಸ ಕ್ಷೇತ್ರದವರೇ ಮೊದಲಿಗರು, ದನಿ ಜೋರಾಗಿದ್ದದ್ದೂ ಅವರದೇ. ಅವರೆಲ್ಲ ಗ್ಯಾಪ್ ಪ್ಯಾಂಟು ತೊಡುವವರಾಗಿದ್ದರೆಂದು ಹೇಳಲಾಗದು. ನಿಮ್ಮ ಅನುಮಾನಕ್ಕೆ ಅಷ್ಟರ ಮಟ್ಟಿಗೆ ಆಧಾರವಿದೆ.

ಆದರೆ ಉಳಿದದ್ದೂ ಇದೆ. 2010ರಲ್ಲೇ ಮೈಕೆಲ್ ವಾಲ್ಶ್, ಕ್ಯಾರೆನ್ ವಿಂಟರಿಚ್ ಮತ್ತು ವಿಕಾಸ್ ಮಿತ್ತಲ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು ಕ್ರೀಡಾ ಶೂಗಳ ಲೋಗೋಗಳನ್ನು ತಿದ್ದಿ ಜನರಿಗೆ ತೋರಿಸಿ, ಅವರ ಪ್ರತಿಕ್ರಿಯೆಯನ್ನು ಅಳೆದಿತ್ತು. ಆ ಬ್ರ್ಯಾಂಡಿನೊಂದಿಗೆ ಗಾಢ ನಂಟು ಇರುವವರಿಗೇ ಬದಲಾವಣೆ ಹೆಚ್ಚು ಕಹಿಯಾಗಿ ಕಂಡಿತು. ನಂಟು ಇಲ್ಲದವರು ತಲೆ ಕೆಡಿಸಿಕೊಳ್ಳಲಿಲ್ಲ, ಕೆಲವೊಮ್ಮೆ ಹೊಸದನ್ನೇ ಮೆಚ್ಚಿದರು. ಹಾಗಾಗಿ ಲೋಗೋ ಬದಲಿಸುವ ಸಂಸ್ಥೆ ಮೊದಲು ನೋಯಿಸುವುದು ತನ್ನ ಕಾಯಂ ಗಿರಾಕಿಯನ್ನು. ಉಡುಪಿನ ವಿಷಯದಲ್ಲಿ ಈ ನಂಟು ಇನ್ನೂ ಹತ್ತಿರದ್ದು, ಏಕೆಂದರೆ ಸೋಪಿನ ಲೋಗೋ ಬಚ್ಚಲಲ್ಲೇ ಉಳಿದರೆ ಬಟ್ಟೆಯ ಲೋಗೋವನ್ನು ಜನ ಎದೆಯ ಮೇಲೆ ಹೊತ್ತು ಬೀದಿಯಲ್ಲಿ ನಡೆಯುತ್ತಾರೆ.

ಮಾಲು ಮತ್ತು ದರದ ಬಗ್ಗೆ ನೀವು ಹೇಳಿದ್ದೇ ಈ ಕಥೆಯ ತಿರುಳು ಎಂದು ನನ್ನ ನಂಬಿಕೆ. 2000ದ ದಶಕದಲ್ಲಿ ಸ್ವೀಡನ್ನಿನ ಎಚ್ ಅಂಡ್ ಎಂ, ಸ್ಪೇನಿನ ಝಾರಾ ಮುಂತಾದವು ಹೊಸ ಮಾದರಿಗಳನ್ನು ವಾರಗಳ ಅಂತರದಲ್ಲಿ ಅಂಗಡಿಗೆ ತರುತ್ತಿದ್ದಾಗ ಗ್ಯಾಪ್ ಹಿಂದೆ ಬಿದ್ದಿತ್ತು. ಅದೇ ಕಂಪನಿಯ ಅಗ್ಗದ ದರದ ಓಲ್ಡ್ ನೇವಿ ಅಂಗಡಿಗಳು ಅದರ ಗಿರಾಕಿಗಳನ್ನು ಒಳಗಿನಿಂದಲೇ ಕಸಿಯುತ್ತಿದ್ದವು. ಅಂಥ ಹೊತ್ತಿನಲ್ಲಿ ಅಂಗಡಿಯೊಳಗೆ ಹೋದರೆ ಕಂಡದ್ದು ಹಿಂದಿನ ವಾರದ ಅವೇ ಅಂಗಿಗಳು, ಜಾಲತಾಣದಲ್ಲಿ ಕಂಡದ್ದು ಹೊಸ ಲೋಗೋ. ಮಾಲು ಬದಲಾಗಿ ಆಮೇಲೆ ಬೋರ್ಡು ಬದಲಾಗಿದ್ದರೆ ಜನ ಗೊಣಗಿಕೊಂಡಾದರೂ ಒಪ್ಪುತ್ತಿದ್ದರು. ಬೋರ್ಡು ಮೊದಲು ಬಂದದ್ದರಿಂದ, ಇದಕ್ಕೆ ಕಾರಣವೇನೆಂದು ಕೇಳಿದವರಿಗೆ ಕೈಯಲ್ಲಿ ಹಿಡಿದು ತೋರಿಸಲು ಸಂಸ್ಥೆಯ ಬಳಿ ಏನೂ ಇರಲಿಲ್ಲ. ಮುಂದಿನ ವರ್ಷ, 2011ರ ಅಕ್ಟೋಬರ್‌ನಲ್ಲಿ, ಅಮೆರಿಕದಲ್ಲಿರುವ ಗ್ಯಾಪ್ ಅಂಗಡಿಗಳಲ್ಲಿ ಐದರಲ್ಲೊಂದು ಭಾಗವನ್ನು 2013ರೊಳಗೆ ಮುಚ್ಚುವುದಾಗಿ ಕಂಪನಿ ಪ್ರಕಟಿಸಿತು. ಆಗ ಆ ಅಂಗಡಿಗಳ ಮೇಲಿದ್ದದ್ದು ಜನ ಕೇಳಿ ಪಡೆದ ನೀಲಿ ಚೌಕವೇ.

ಪ್ರಶ್ನೆ: ಇದೆಲ್ಲ ಪ್ರಚಾರಕ್ಕಾಗಿ ಬೇಕೆಂದೇ ಮಾಡಿದ ನಾಟಕವೆಂದು ನನ್ನ ಸ್ನೇಹಿತರು ವಾದಿಸುತ್ತಾರೆ. ನೀವೇನನ್ನುತ್ತೀರಿ?
– ಓದುಗರು, ಶಿವಮೊಗ್ಗ

ಉತ್ತರ: ಆ ವಾರದಲ್ಲೇ ಹಲವರು ಹಾಗೆ ಶಂಕಿಸಿದ್ದರು. ನಾಟಕವಾಗಿದ್ದರೆ ಎರಡನೆಯ ಅಂಕ ಸಿದ್ಧವಾಗಿರಬೇಕಿತ್ತು. ಬುಧವಾರ ಜನರಿಂದ ವಿನ್ಯಾಸ ಕೇಳಿ, ಗುರುವಾರ ತಮ್ಮದನ್ನೇ ಸಮರ್ಥಿಸಿ, ಸೋಮವಾರ ಎರಡನ್ನೂ ಕೈಬಿಟ್ಟವರ ಬಳಿ ಬರೆದಿಟ್ಟ ಕಥೆಯೇನೂ ಇದ್ದಂತೆ ಕಾಣುವುದಿಲ್ಲ. ಹ್ಯಾನ್ಸನ್ 2011ರ ಫೆಬ್ರವರಿಯಲ್ಲಿ ಹುದ್ದೆ ಬಿಟ್ಟರು. ಮಾರಾಟದ ಕುಸಿತವೂ ಆಗ ಕಂಪನಿಯನ್ನು ಕಾಡುತ್ತಿದ್ದುದರಿಂದ ಲೋಗೋವೊಂದೇ ಅದಕ್ಕೆ ಕಾರಣವೆನ್ನುವುದು ಸರಿಯಲ್ಲ.

ಪ್ರಶ್ನೆ: ಜನರಿಂದ ವಿನ್ಯಾಸ ಕೇಳಿದ್ದು ಒಳ್ಳೆಯ ನಡೆಯಲ್ಲವೇ? ಅದಕ್ಕೂ ಟೀಕೆ ಬಂದದ್ದೇಕೆ?
– ಗೃಹಿಣಿ, ಮೈಸೂರು

ಉತ್ತರ: ವರ್ಷಕ್ಕೆ ಸಾವಿರದ ನಾನೂರು ಕೋಟಿ ಡಾಲರ್ ವಹಿವಾಟು ನಡೆಸುವ ಕಂಪನಿ, ಸಂಭಾವನೆಯ ಮಾತೆತ್ತದೆ ಚಿತ್ರ ಬರೆದು ಕಳುಹಿಸಿ ಎಂದಾಗ, ಆ ಕೆಲಸದಿಂದಲೇ ಹೊಟ್ಟೆ ಹೊರೆಯುವವರು ಸುಮ್ಮನಿರಲಾರರು. ಮದುವೆಗೆ ಬಂದ ನೆಂಟರ ಪೈಕಿ ಒಬ್ಬರು ಅಡುಗೆ ಸರಿಯಿಲ್ಲ ಎಂದೊಡನೆ, ಹಾಗಾದರೆ ನೀವೇ ಬಂದು ಬಡಿಸಿ ಎಂದಂತಾಯಿತು ಅದು. ಟೀಕಿಸಿದವರು ಕೇಳಿದ್ದು ಇದೇಕೆ ಬೇಕಾಯಿತೆಂಬ ಕಾರಣವನ್ನು, ಅವರಿಗೆ ದೊರೆತದ್ದು ಮಾಡಬೇಕಾದ ಕೆಲಸ.

ಇನ್ನೊಂದು ಕೋನದಿಂದಲೂ ಆ ನಡೆ ದುಬಾರಿಯಾಯಿತು. ಬುಧವಾರದವರೆಗೆ ಕಂಪನಿಗೆ ತನ್ನ ಹೊಸ ಲೋಗೋ ಮೇಲೆ ನಂಬಿಕೆಯಿದೆ ಎಂದು ಹೊರಗಿನವರು ತಿಳಿದಿದ್ದರು. ಬೇರೆ ವಿನ್ಯಾಸ ಕೇಳಿದ ಕ್ಷಣದಿಂದ, ಅವರಿಗೇ ಇದು ಖಚಿತವಿಲ್ಲ ಎಂಬುದು ಎಲ್ಲರಿಗೂ ತಿಳಿದುಹೋಯಿತು. ನಮ್ಮ ಪ್ರಯತ್ನ ಸರಿಯಾದ ರೀತಿಯಲ್ಲಿ ನಡೆಯಲಿಲ್ಲ, ಆನ್‌ಲೈನ್ ಸಮುದಾಯದೊಂದಿಗೆ ಮಾತಾಡುವ ಅವಕಾಶ ತಪ್ಪಿಹೋಯಿತು ಎಂಬರ್ಥದ ಮಾತನ್ನು ಹ್ಯಾನ್ಸನ್ ಕೊನೆಯ ಪ್ರಕಟಣೆಯಲ್ಲಿ ಹೇಳಿದರು.

ಪ್ರಶ್ನೆ: ನಾನಿರುವ ಅಮೆರಿಕದಲ್ಲಿ 2025ರ ಆಗಸ್ಟ್‌ನಲ್ಲಿ ಕ್ರ್ಯಾಕರ್ ಬ್ಯಾರೆಲ್ ಎಂಬ ಹೋಟೆಲು ಸರಣಿಯ ಹೊಸ ಲೋಗೋಗೆ ದೊಡ್ಡ ಗದ್ದಲವಾಗಿ, ಅವರೂ ವಾರದ ಆಸುಪಾಸಿನಲ್ಲೇ ಹಿಂದೆಗೆದರು. ಗದ್ದಲವಾದಾಗಲೆಲ್ಲ ಹಿಂದೆಗೆಯುವುದೇ ಜಾಣತನವೇ?
– ಓದುಗರು, ಡಲ್ಲಾಸ್

ಉತ್ತರ: ಅಲ್ಲ. ಗದ್ದಲ ಕೇಳಿಯೂ ನಿಂತವರು ಹಲವರಿದ್ದಾರೆ. ಗ್ಯಾಪ್ ಪ್ರಸಂಗ ನಡೆದು ಮೂರು ತಿಂಗಳಾಗುವಷ್ಟರಲ್ಲಿ, 2011ರ ಜನವರಿಯಲ್ಲಿ, ಸ್ಟಾರ್‌ಬಕ್ಸ್ ತನ್ನ ಲೋಗೋದಿಂದ ಹೆಸರನ್ನೂ ಕಾಫಿ ಎಂಬ ಪದವನ್ನೂ ತೆಗೆದು ಮತ್ಸ್ಯಕನ್ಯೆಯ ಚಿತ್ರವನ್ನಷ್ಟೇ ಉಳಿಸಿತು. ಆಗಲೂ ಬೈಗುಳ ಬಂತು. ಸ್ಟಾರ್‌ಬಕ್ಸ್ ಕದಲಲಿಲ್ಲ, ಇಂದು ಅದೇ ಲೋಗೋ ಬೆಂಗಳೂರಿನ ಅಂಗಡಿಗಳ ಮೇಲೂ ಇದೆ. 2014ರಲ್ಲಿ, ಪ್ರವಾಸಿಗರಿಗೆ ಮನೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ತಂದ ಹೊಸ ಚಿಹ್ನೆಗೆ ಮೊದಲ ದಿನವೇ ಅಶ್ಲೀಲ ಅರ್ಥಗಳನ್ನೆಲ್ಲ ಹಚ್ಚಿ ನಕ್ಕರು, ಈಗ ಅದು ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣುವುದಿಲ್ಲ. ಮತ್ತೆ ಮತ್ತೆ ಕಣ್ಣಿಗೆ ಬೀಳುವ ವಸ್ತು ಬರೀ ಪರಿಚಯದಿಂದಲೇ ಹಿತವಾಗತೊಡಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯೊಂಕ್ 1968ರಲ್ಲಿ ಪ್ರಯೋಗಗಳಿಂದ ತೋರಿಸಿದ್ದರು. ಹಳೆಯ ಲೋಗೋ ಮೇಲಿನ ಪ್ರೀತಿಯ ಬಹುಪಾಲು ಹೀಗೇ ಬೆಳೆದದ್ದು. ಸಮಯ ಸಿಕ್ಕರೆ ಹೊಸದರ ಮೇಲೂ ಬೆಳೆಯುತ್ತದೆ.

ಸ್ಟಾರ್‌ಬಕ್ಸ್‌ಗೂ ಗ್ಯಾಪ್‌ಗೂ ಇದ್ದ ವ್ಯತ್ಯಾಸವೆಂದರೆ, ಮೊದಲನೆಯದು ಕಾಫಿಯಾಚೆಗೂ ವಸ್ತುಗಳನ್ನು ಮಾರಲಿದ್ದೇವೆ ಎಂಬ ಕಾರಣವನ್ನು ಲೋಗೋ ತೋರಿಸುವಾಗಲೇ ಹೇಳಿತ್ತು ಮತ್ತು ಜನರಿಗೆ ಪರಿಚಿತವಾದ ಹಸಿರು ಮತ್ಸ್ಯಕನ್ಯೆಯನ್ನು ಹಾಗೆಯೇ ಉಳಿಸಿಕೊಂಡಿತ್ತು.

ಹಿಂದೆಗೆಯಲೇಬೇಕಾದ ಸಂದರ್ಭವೂ ಇದೆ. 2009ರ ಜನವರಿಯಲ್ಲಿ ಪೆಪ್ಸಿಕೋ ತನ್ನ ಟ್ರಾಪಿಕಾನಾ ಕಿತ್ತಳೆ ರಸದ ಡಬ್ಬಿಯನ್ನು ಹೊಸದಾಗಿ ಮಾಡಿಸಿ, ಹಣ್ಣಿಗೆ ಸ್ಟ್ರಾ ಚುಚ್ಚಿದ ಹಳೆಯ ಚಿತ್ರವನ್ನು ತೆಗೆದುಹಾಕಿತು. ಎರಡು ತಿಂಗಳು ತುಂಬುವ ಮೊದಲೇ ಮಾರಾಟ ಶೇ 20ರಷ್ಟು ಬಿತ್ತು, ಫೆಬ್ರವರಿಯಲ್ಲೇ ಹಳೆಯ ಡಬ್ಬಿ ಮರಳಿ ತರುವುದಾಗಿ ಪ್ರಕಟಿಸಬೇಕಾಯಿತು. ಅಲ್ಲಿ ಮಾತಾಡಿದ್ದು ಗಲ್ಲಾ. ಅಂಗಡಿಯ ಕಪಾಟಿನೆದುರು ನಿಂತವರಿಗೆ ತಮ್ಮ ಡಬ್ಬಿ ಯಾವುದೆಂದು ಗುರುತೇ ಸಿಗುತ್ತಿರಲಿಲ್ಲ. ಗ್ಯಾಪ್ ಬಳಿ ಅಂಥ ಯಾವ ಲೆಕ್ಕವೂ ಇರಲು ಸಾಧ್ಯವಿರಲಿಲ್ಲ, ಜಾಲತಾಣದ ತಲೆಬರಹ ಒಂದು ವಾರ ಬದಲಾದದ್ದರಿಂದ ಅಂಗಡಿಯ ವ್ಯಾಪಾರ ಅಳೆಯಲಾಗದು. ಅವರು ಮಣಿದದ್ದು ಸದ್ದಿಗೆ ಮಾತ್ರ. ಆ ಲೋಗೋ ಕಳಪೆಯೆಂದು ನಾನೂ ಒಪ್ಪುತ್ತೇನೆ, ಆದರೂ ತನ್ನ ಕೆಲಸದಲ್ಲಿ ನಂಬಿಕೆಯಿದ್ದ ಸಂಸ್ಥೆ ಹಬ್ಬದ ವ್ಯಾಪಾರ ಮುಗಿಯುವವರೆಗಾದರೂ ಕಾದು ಲೆಕ್ಕ ನೋಡುತ್ತಿತ್ತು.

ಉಡುಪಿನ ವ್ಯಾಪಾರದಲ್ಲೇ ಇದಕ್ಕಿಂತ ದೊಡ್ಡ ಪಾಠ ಜೆಸಿ ಪೆನ್ನಿಯದು. ಆ ಅಂಗಡಿ ಸರಣಿ 2011ರಲ್ಲಿ ಒಂದು ಹೊಸ ಲೋಗೋ, 2012ರಲ್ಲಿ ಮತ್ತೊಂದು ತಂದಿತು, 2013ರಲ್ಲಿ ಎಲ್ಲ ಬಿಟ್ಟು ಹಳೆಯದಕ್ಕೇ ಬಂತು. ನಡುವೆ, ಆ್ಯಪಲ್ ಅಂಗಡಿಗಳನ್ನು ಕಟ್ಟಿದ ಖ್ಯಾತಿಯ ರಾನ್ ಜಾನ್ಸನ್ ಅಲ್ಲಿನ ಮುಖ್ಯಸ್ಥರಾಗಿ ಬಂದು, ರಿಯಾಯಿತಿ ಕೂಪನ್‌ಗಳನ್ನು ನಿಲ್ಲಿಸಿಬಿಟ್ಟಿದ್ದರು. 2012ರ ಆರ್ಥಿಕ ವರ್ಷದ ಮಾರಾಟ ಕಾಲು ಭಾಗದಷ್ಟು ಕುಸಿದು, 2013ರ ಏಪ್ರಿಲ್‌ನಲ್ಲಿ ಅವರನ್ನು ಕಳುಹಿಸಲಾಯಿತು. ಗಿರಾಕಿಗಳು ಕೂಪನ್ನಿಗಾಗಿ ಮುನಿಸಿಕೊಂಡಿದ್ದರು, ಲೋಗೋ ಬದಲಾದದ್ದನ್ನು ಅವರಲ್ಲಿ ಎಷ್ಟು ಮಂದಿ ಲೆಕ್ಕಕ್ಕೆ ತೆಗೆದುಕೊಂಡಿದ್ದರೋ.

ಪ್ರಶ್ನೆ: ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಮರ್ಚಂಡೈಸರ್ ಆಗಿದ್ದೇನೆ. ಬೈಯರ್ (ನಮ್ಮಿಂದ ಬಟ್ಟೆ ಹೊಲಿಸಿಕೊಳ್ಳುವ ಕಂಪನಿ) ಲೋಗೋ ಬದಲಿಸಿದರೆ ನಮ್ಮ ಕೆಲಸಕ್ಕೆ ಎಷ್ಟು ಪೆಟ್ಟು ಎಂಬುದನ್ನು ಇಂಥ ಲೇಖನಗಳಲ್ಲಿ ಯಾರೂ ಬರೆಯುವುದಿಲ್ಲ.
– ಓದುಗರು, ಪೀಣ್ಯ

ಉತ್ತರ: ನಿಮ್ಮ ದೂರು ನ್ಯಾಯವಾದದ್ದು. ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನಂಥ ಬೆಂಗಳೂರಿನ ರಫ್ತು ಸಂಸ್ಥೆಗಳಿಗೆ ಗ್ಯಾಪ್ ಹಳೆಯ ಬೈಯರ್. ಹಾಗಾಗಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೂತವರ ನಿರ್ಧಾರ ಕೊನೆಗೆ ಇಲ್ಲಿನ ಹೊಲಿಗೆ ಲೈನಿಗೇ ಬಂದು ಇಳಿಯುತ್ತದೆ.

ನಿಮ್ಮ ಕ್ಷೇತ್ರದಾಚೆಗಿನ ಓದುಗರಿಗಾಗಿ ಹೇಳುವುದಾದರೆ, ಒಂದು ಅಂಗಿಯಲ್ಲಿ ಲೋಗೋ ಒಂದೇ ಕಡೆ ಇರುವುದಿಲ್ಲ. ಕಾಲರಿನ ಒಳಗಿನ ಮುಖ್ಯ ಲೇಬಲ್, ಪಕ್ಕದ ಹೊಲಿಗೆಯಲ್ಲಿ ಸಿಕ್ಕಿಸುವ ವಾಶ್ ಕೇರ್ ಲೇಬಲ್, ದಾರದಲ್ಲಿ ತೂಗುವ ಟ್ಯಾಗ್, ಗುಂಡಿ ಮತ್ತು ರಿವೆಟ್‌ಗಳ ಮೇಲಿನ ಅಕ್ಷರ, ಪಾಲಿಬ್ಯಾಗ್, ರಟ್ಟಿನ ಪೆಟ್ಟಿಗೆ, ಹೀಗೆ ಹಲವೆಡೆ ಅದನ್ನು ಬದಲಿಸಬೇಕಾಗುತ್ತದೆ. ಇವನ್ನು ಕಾರ್ಖಾನೆ ತನಗೆ ಬೇಕಾದಲ್ಲಿ ಮಾಡಿಸುವಂತಿಲ್ಲ, ಬೈಯರ್ ಗೊತ್ತುಮಾಡಿದ ಸರಬರಾಜುದಾರರಿಂದಲೇ ತರಿಸಬೇಕು. ಆರ್ಡರ್ ಅಂಗಡಿಗೆ ಮುಟ್ಟುವ ಹಲವು ತಿಂಗಳು ಮೊದಲೇ ಇದೆಲ್ಲ ಕಾರ್ಖಾನೆಯ ಸ್ಟೋರಿಗೆ ಬಂದು ಕೂತಿರುತ್ತದೆ. ಆದ್ದರಿಂದ ತಿಳಿದವರು ಇಂಥ ಬದಲಾವಣೆಯನ್ನು ಋತುವಿನ ಲೆಕ್ಕದಲ್ಲಿ ಮಾಡುತ್ತಾರೆ, ಇಂಥ ತಾರೀಖಿನ ನಂತರದ ಶಿಪ್‌ಮೆಂಟ್‌ಗೆ ಹೊಸ ಲೇಬಲ್ ಎಂದು ಮೊದಲೇ ತಿಳಿಸುತ್ತಾರೆ. ಉಳಿದ ಹಳೆಯ ಲೇಬಲ್‌ಗಳನ್ನು ಎಣಿಸಿ ನಾಶಪಡಿಸಬೇಕಾಗುತ್ತದೆ, ಇಲ್ಲದಿದ್ದರೆ ಅವು ನಕಲಿ ಮಾಲಿನ ಕೊರಳಿಗೆ ಸೇರುತ್ತವೆ. ಬೆಂಗಳೂರಿನ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗಳಲ್ಲಿ ಅಂಗಿ ಕೊಂಡವರು ಕಾಲರಿನೊಳಗಿನ ಲೇಬಲ್ಲಿಗೆ ಅಡ್ಡಲಾಗಿ ಕತ್ತರಿ ಹಾಕಿರುವುದನ್ನು ನೋಡಿರುತ್ತಾರೆ, ಅದರ ಹಿಂದಿರುವುದೂ ಇದೇ ಎಚ್ಚರ.

2010ರಲ್ಲಿ ಗ್ಯಾಪ್ ಹೊಸ ಲೋಗೋ ಲೇಬಲ್ ಹಂತಕ್ಕೆ ಬಾರದೆ ಹೋದದ್ದು ನಿಮ್ಮಂಥವರ ಮಟ್ಟಿಗೆ ಪುಣ್ಯವೇ. ಹೊಲಿದ ಮೇಲೆ ಬಿಚ್ಚುವುದೆಂದರೇನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ನಮ್ಮ ಬೆಂಗಳೂರಿನ ಮಿಂತ್ರಾ ಲೋಗೋ ಬದಲಿಸಿದ್ದೂ ಇದೇ ಬಗೆಯ ಪ್ರಸಂಗವೇ?
– ಕಾಲೇಜು ಉಪನ್ಯಾಸಕಿ, ಮಂಗಳೂರು

ಉತ್ತರ: ಎರಡೂ ಬಟ್ಟೆ ಮಾರುವ ಸಂಸ್ಥೆಗಳು ಎಂಬುದನ್ನು ಬಿಟ್ಟರೆ ಹೋಲಿಕೆ ಕಡಿಮೆ, ವ್ಯತ್ಯಾಸವೇ ಹೆಚ್ಚು. 2020ರ ಡಿಸೆಂಬರ್‌ನಲ್ಲಿ ಮುಂಬೈನ ಸ್ವಯಂಸೇವಾ ಸಂಸ್ಥೆಯೊಂದರ ಕಾರ್ಯಕರ್ತೆ, ಮಿಂತ್ರಾದ ‘ಎಂ’ ಆಕಾರದ ಚಿಹ್ನೆ ಮಹಿಳೆಯರಿಗೆ ಅವಮಾನಕರವಾಗಿದೆ ಎಂದು ಅಲ್ಲಿನ ಸೈಬರ್ ಪೊಲೀಸರಿಗೆ ದೂರು ಕೊಟ್ಟರು. ಪೊಲೀಸರು ಕಂಪನಿಯವರನ್ನು ಸಂಪರ್ಕಿಸಿದ ಮೇಲೆ, ಒಂದು ತಿಂಗಳೊಳಗೆ ಬದಲಿಸುವುದಾಗಿ ಅವರು ಒಪ್ಪಿಕೊಂಡರು. 2021ರ ಜನವರಿಯ ಕೊನೆಯಲ್ಲಿ ಸುದ್ದಿ ಹೊರಬಿತ್ತು, ಜಾಲತಾಣ, ಆ್ಯಪ್ ಮತ್ತು ಪ್ಯಾಕಿಂಗ್ ಎಲ್ಲದರಲ್ಲೂ ತಿದ್ದಿದ ಚಿಹ್ನೆ ಬಂತು.

ಗ್ಯಾಪ್‌ನಲ್ಲಿ ಜನ ಹಳೆಯದನ್ನು ಉಳಿಸಿ ಎಂದು ಗದ್ದಲ ಎಬ್ಬಿಸಿ ಗೆದ್ದರು. ಮಿಂತ್ರಾದಲ್ಲಿ ಒಂದು ದೂರಿನ ಮೇಲೆ ಬದಲಾವಣೆಯಾಯಿತು, ಗದ್ದಲ ಆಮೇಲೆ ಎದ್ದಿತು, ಅದೂ ಹೆಚ್ಚಾಗಿ ಆ ದೂರನ್ನೇ ಗೇಲಿ ಮಾಡುವ ಮೀಮ್‌ಗಳ ರೂಪದಲ್ಲಿ. ಕಂಪನಿ ಆಗ ಎರಡೂ ಕಡೆಯವರೊಡನೆ ವಾದಕ್ಕಿಳಿಯಲಿಲ್ಲ. ಬಣ್ಣಗಳು ಒಂದರ ಮೇಲೊಂದು ಹಾಯುವ ನಡುಭಾಗವನ್ನಷ್ಟೇ ತಿದ್ದಿ, ಆಕಾರವನ್ನೂ ಗುಲಾಬಿ, ಕಿತ್ತಳೆ ವರ್ಣಗಳನ್ನೂ ಹಾಗೆಯೇ ಬಿಟ್ಟಿತು. ಇಂದು ಫೋನಿನಲ್ಲಿ ಆ ಚಿಹ್ನೆ ಒತ್ತುವ ಬಹುತೇಕರಿಗೆ ಅದು ತಿದ್ದಿದ್ದು ಎಂಬುದೇ ನೆನಪಿರಲಿಕ್ಕಿಲ್ಲ. ದೂರು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ, ಅದನ್ನು ನಿಭಾಯಿಸಿದ ರೀತಿ ಮಾತ್ರ ಗ್ಯಾಪ್‌ಗಿಂತ ಅಚ್ಚುಕಟ್ಟಾಗಿತ್ತು.

ಪ್ರಶ್ನೆ: ನಮ್ಮದು ತಂದೆಯವರ ಕಾಲದ ಜವಳಿ ಅಂಗಡಿ. ಬೋರ್ಡಿನ ಅಕ್ಷರ, ನವಿಲಿನ ಚಿತ್ರ, ಹಳದಿ ಕವರು ಎಲ್ಲವೂ ಹಳೆಯವು. ಮಗ ಎಲ್ಲವನ್ನೂ ಬದಲಿಸಬೇಕೆನ್ನುತ್ತಾನೆ. ಗ್ಯಾಪ್ ಕಥೆ ಓದಿ ನನಗೆ ಭಯವಾಗಿದೆ. ಏನು ಮಾಡಲಿ?
– ವ್ಯಾಪಾರಿ, ದಾವಣಗೆರೆ

ಉತ್ತರ: ಭಯ ಬೇಡ, ಮಗನನ್ನು ತಡೆಯುವುದೂ ಬೇಡ. ಮೊದಲು ನಿಮ್ಮ ಗಿರಾಕಿಗಳು ನಿಮ್ಮನ್ನು ಯಾವುದರಿಂದ ಗುರುತಿಸುತ್ತಾರೆ ಎಂಬುದನ್ನು ಪತ್ತೆಮಾಡಿ. ಮದುವೆ ಜವಳಿಗೆ ಹಳ್ಳಿಯಿಂದ ಬರುವವರು ದಾರಿ ಕೇಳುವಾಗ ನವಿಲಿನ ಅಂಗಡಿ ಎನ್ನುತ್ತಾರೋ, ನಿಮ್ಮ ತಂದೆಯವರ ಹೆಸರು ಹೇಳುತ್ತಾರೋ, ಬಸ್ಸಿನಲ್ಲಿ ಯಾರದೋ ಕೈಯಲ್ಲಿ ಹಳದಿ ಕವರು ಕಂಡು ನಿಮ್ಮಲ್ಲಿಗೆ ಬರುತ್ತಾರೋ, ಅಂಗಡಿಯ ಹಳೆಯ ಗುಮಾಸ್ತರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಯಾವುದು ಗುರುತೋ ಅದನ್ನು ಬಿಟ್ಟು ಉಳಿದದ್ದನ್ನು ಮಗ ಧಾರಾಳವಾಗಿ ತಿದ್ದಲಿ. ನವಿಲೇ ಗುರುತಾಗಿದ್ದರೆ, ಅದನ್ನು ಒಳ್ಳೆಯ ಕಲಾವಿದರ ಕೈಯಲ್ಲಿ ಹೊಸದಾಗಿ ಬರೆಸಬಹುದು, ನಾಪತ್ತೆ ಮಾಡಬಾರದು.

ಎರಡನೆಯದಾಗಿ, ಅಂಗಡಿಯೊಳಗೆ ಏನಾದರೂ ಹೊಸದಾದ ದಿನವೇ ಬೋರ್ಡು ಬದಲಿಸಿ. ಮಹಡಿ ಏರಿಸಿದಾಗ, ಮಕ್ಕಳ ಉಡುಪಿನ ವಿಭಾಗ ತೆರೆದಾಗ, ಅಥವಾ ವ್ಯವಹಾರ ಮಗನ ಕೈಗೆ ಬಂದಾಗ ಬೋರ್ಡು ಬದಲಾದರೆ ಗಿರಾಕಿಗೆ ಅದರ ಕಾರಣ ತಾನಾಗಿಯೇ ತಿಳಿಯುತ್ತದೆ. ಯಾಕೆ ಬದಲಿಸಿದಿರಿ ಎಂದು ಕೇಳಿದ ಹಿರಿಯ ಗಿರಾಕಿಗೆ ಗಲ್ಲಾದ ಮುಂದೆ ಕೂತು ಒಂದು ಮಾತಿನಲ್ಲಿ ಉತ್ತರ ಹೇಳಲು ನಿಮಗೆ ಸಾಧ್ಯವಾಗಬೇಕು. ಹಳೆಯ ಕವರುಗಳ ದಾಸ್ತಾನು ಮುಗಿಯುವವರೆಗೆ ಎರಡೂ ಬಗೆಯವು ಒಟ್ಟಿಗೆ ಚಲಾವಣೆಯಲ್ಲಿರಲಿ, ಅದರಿಂದ ನಷ್ಟವಿಲ್ಲ, ಪರಿಚಯಕ್ಕೆ ಅನುಕೂಲವೇ.

ಇನ್ನು ಕಾನೂನಿನ ಮಾತು. ನಿಮ್ಮ ಹಳೆಯ ಚಿಹ್ನೆ ನೋಂದಣಿಯಾಗಿದೆಯೇ ನೋಡಿಕೊಳ್ಳಿ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಂತೆ ನೋಂದಣಿಯ ಅವಧಿ ಹತ್ತು ವರ್ಷ, ಆಮೇಲೆ ನವೀಕರಿಸುತ್ತ ಹೋಗಬೇಕು. ಚಿಹ್ನೆಯ ಮೂಲ ಸ್ವರೂಪಕ್ಕೆ ಧಕ್ಕೆಯಾಗದ ಸಣ್ಣ ತಿದ್ದುಪಡಿಗೆ 22ನೇ ಸೆಕ್ಷನ್ ಅಡಿಯಲ್ಲಿ ಅನುಮತಿ ಕೇಳಬಹುದು, ಅದಕ್ಕಿಂತ ಹೆಚ್ಚಿನ ಬದಲಾವಣೆಯಾದರೆ ಹೊಸದಾಗಿಯೇ ಅರ್ಜಿ ಹಾಕಬೇಕು. ಕರ್ನಾಟಕದ ಅರ್ಜಿಗಳನ್ನು ನೋಡುವುದು ಚೆನ್ನೈನ ಟ್ರೇಡ್ ಮಾರ್ಕ್ ಕಚೇರಿ, ಆನ್‌ಲೈನಿನಲ್ಲೇ ಸಲ್ಲಿಸಬಹುದು. ನಿಮ್ಮದೇ ಹೆಸರಿನಲ್ಲಿ ಹೊಲಿಸಿದ ಉಡುಪು ಮಾರುವುದಾದರೆ ಅರ್ಜಿಯಲ್ಲಿ ಬರೆಯಬೇಕಾದದ್ದು 25ನೇ ವರ್ಗ, ಅಂಗಡಿ ವ್ಯಾಪಾರಕ್ಕೆ 35ನೇ ವರ್ಗ. ಹೊಸದು ಬಂತೆಂದು ಹಳೆಯದನ್ನು ಪೂರ್ತಿ ಕೈಬಿಡಬೇಡಿ. ಸತತವಾಗಿ ಐದು ವರ್ಷಕ್ಕೂ ಮೇಲ್ಪಟ್ಟು ಬಳಸದೇ ಬಿಟ್ಟ ಚಿಹ್ನೆಯನ್ನು ದಾಖಲೆಯಿಂದ ತೆಗೆಯುವಂತೆ ಬೇರೆಯವರು ಅರ್ಜಿ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ಆದ್ದರಿಂದ ಹಳೆಯ ನವಿಲನ್ನು ರಸೀದಿ ಪುಸ್ತಕದ ಮೇಲಾದರೂ, ಸೀರೆ ಪೆಟ್ಟಿಗೆಯ ಮೇಲಾದರೂ ಬಳಕೆಯಲ್ಲಿಟ್ಟುಕೊಂಡು, ಅದರ ಬಿಲ್ಲುಗಳನ್ನು ವರ್ಷವಾರು ಫೈಲಿನಲ್ಲಿ ಜೋಡಿಸಿಡಿ.